ಹಳ್ಳದ ನೀರು ಬಾವಿಗಾ, ಬಾವಿಯ ನೀರು ಹಳ್ಳಕ್ಕಾ?

ಪ್ರಶ್ನೆ: ನಮ್ಮ ಅಡಿಕೆ ತೋಟದ ಬಾವಿ ಹಳ್ಳದಿಂದ ಬರೀ 40 ಅಡಿ ದೂರ. ಬಾವಿಕಟ್ಟೆಯಿಂದ ಅಳೆದರೆ ನವೆಂಬರ್‌ನಲ್ಲಿ 15 ಅಡಿಗೆ ನೀರಿತ್ತು. ಏಪ್ರಿಲ್‌ನಲ್ಲಿ 23 ಅಡಿಗೆ ಇಳಿಯಿತು. ಹಳ್ಳ ಮಾತ್ರ ಸಣ್ಣಗೆ ಹರಿಯುತ್ತಲೇ ಇತ್ತು. ಹಳ್ಳಕ್ಕೆ ಅಡ್ಡವಾಗಿ ಕಟ್ಟ ಹಾಕಿ ನೀರು ನಿಲ್ಲಿಸಿದರೆ ಬಾವಿ ತುಂಬುತ್ತದೆ ಎನ್ನುತ್ತಾರೆ ಪಕ್ಕದ ಮನೆಯವರು. ನಿಜವಾ?
— ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಅಳತೆ ಬರೆದಿಟ್ಟಿದ್ದೀರಿ, ಖುಷಿಯಾಯಿತು. ಆದರೆ ಕಳಿಸಿರುವುದು ಅರ್ಧ ಲೆಕ್ಕ. ಹಳ್ಳದ ನೀರು ನಿಮ್ಮ ಬಾವಿಕಟ್ಟೆಗಿಂತ ಎಷ್ಟು ಕೆಳಗಿದೆ?

ಗಾರೆಯವರು ಮಟ್ಟ ನೋಡಲು ನೀರು ತುಂಬಿ ಬಳಸುವ ಲೆವೆಲ್ ಪೈಪ್ ಒಂದು ದಿನಕ್ಕೆ ಕೇಳಿ ತನ್ನಿ. ಒಂದೇ ಸಲಕ್ಕೆ ಆಗುವುದಿಲ್ಲ. ದರೆ ಇಳಿಯುತ್ತಾ ನಾಲ್ಕೈದು ಕಡೆ ಗೂಟ ಹೊಡೆದು, ಅಳತೆ ಕೂಡಿಸಿಕೊಂಡು ಹೋಗಬೇಕು. ಪೈಪಿನಲ್ಲಿ ಗಾಳಿಗುಳ್ಳೆ ಉಳಿದರೆ ಲೆಕ್ಕ ಕೆಟ್ಟಿತು. ನವೆಂಬರ್‌ನಲ್ಲಿ ಹಳ್ಳ ಕಟ್ಟೆಗಿಂತ 19 ಅಡಿ ಕೆಳಗಿತ್ತು ಅಂತಿಟ್ಟುಕೊಳ್ಳಿ. ಬಾವಿಯ ನೀರು 15ರಲ್ಲಿದೆ, ಅಂದರೆ ಹಳ್ಳಕ್ಕಿಂತ 4 ಅಡಿ ಮೇಲೆ. ಆಗ ಗುಡ್ಡದ ನೀರು ನಿಮ್ಮ ಬಾವಿಯನ್ನು ಹಾದು ಹಳ್ಳಕ್ಕೆ ಹೋಗುತ್ತಿರುತ್ತದೆ. ಮಳೆ ನಿಂತ ಮೇಲೂ ನಮ್ಮ ಹಳ್ಳಗಳು ಹರಿಯುವುದು ಹೀಗೇ ಅಲ್ವಾ? ಏಪ್ರಿಲ್‌ನಲ್ಲಿ ಹಳ್ಳ 20ಕ್ಕೆ ಇಳಿದು ಬಾವಿ 23ಕ್ಕೆ ಹೋದರೆ ಲೆಕ್ಕ ತಿರುಗುಮುರುಗು. ಈಗ ಹಳ್ಳದ ನೀರಿಗೆ ಬಾವಿಯ ಕಡೆ ಇಳಿಜಾರು. ಆದರೆ ಬಂದೇ ಬರುತ್ತದೆ ಎಂದಲ್ಲ. ನಡುವೆ ಜೇಡಿಮಣ್ಣು ಇದ್ದರೆ ತಡೆಯುತ್ತದೆ. ತೂತುತೂತಿನ ಜಂಬಿಟ್ಟಿಗೆ ಕಲ್ಲು ಇದ್ದರೆ ಸಲೀಸಾಗಿ ಬರುತ್ತದೆ.

ಅಂದಹಾಗೆ ಆ 23 ಅಡಿ ಅಳೆದದ್ದು ಯಾವ ಹೊತ್ತಿನಲ್ಲಿ? ನಾನು ಒಂದು ಬೇಸಿಗೆಯಿಡೀ ಸಂಜೆ ಪಂಪ್ ಆಫ್ ಮಾಡಿದ ಕೂಡಲೇ ಹಗ್ಗ ಬಿಟ್ಟು ಅಳೆದೆ. ತುಂಗೆಯೇ ನನ್ನ ಬಾವಿಗೆ ಬರುತ್ತಿದ್ದಾಳೆ ಅಂತ ಊರಿಗೆಲ್ಲಾ ಹೇಳಿಕೊಂಡು ಬಂದೆ. ಒಂದು ದಿನ ಬೆಳಗ್ಗೆ ಪಂಪ್ ಹಾಕುವ ಮೊದಲು ನೋಡಿದರೆ ಬಾವಿ ಹೊಳೆಗಿಂತ 2 ಅಡಿ ಮೇಲಿತ್ತು! ಪಂಪ್ ಎಳೆದು ಇಳಿಸಿದ ಮಟ್ಟವನ್ನೇ ಬಾವಿಯ ನಿಜವಾದ ಮಟ್ಟ ಅಂದುಕೊಂಡಿದ್ದೆ. ಆಮೇಲೆ ಬಾಯಿ ಮುಚ್ಚಿಕೊಂಡೆ. ನೀವು ಬೆಳಗ್ಗೆಯೇ ಅಳೆಯಿರಿ. ಬಾವಿ, ಹಳ್ಳ ಎರಡೂ ಒಂದೇ ದಿನ.

ಕೇಂದ್ರ ಅಂತರ್ಜಲ ಮಂಡಳಿಯವರು ತಮ್ಮ ವೀಕ್ಷಣಾ ಬಾವಿಗಳನ್ನು ಸಾಮಾನ್ಯವಾಗಿ ವರ್ಷಕ್ಕೆ 4 ಸಲ ಅಳೆಯುತ್ತಾರೆ. ಜಿಲ್ಲೆಯ ಸ್ಥಿತಿ ತಿಳಿಯಲು ಅದು ಸರಿ. ನಿಮ್ಮ ಹಳ್ಳದ ಗುಟ್ಟಿಗೆ ವಾರಕ್ಕೊಮ್ಮೆಯಾದರೂ ಬೇಕು. ಆರಿದ್ರಾ ಮಳೆಯಲ್ಲಿ ಹಳ್ಳ ಉಕ್ಕಿದ ದಿನ ಸುಮ್ನೆ ಕೂರಬೇಡಿ, ಕೊಡೆ ಹಿಡಿದು ಹೋಗಿ ಅಳೆಯಿರಿ. ಆದರೆ ಬಾವಿ ಏರಿದ್ದು ಹಳ್ಳದಿಂದ ಎಂದು ಆಗಲೇ ತೀರ್ಮಾನಿಸಬೇಡಿ. ಮೇಲಿನ ಗುಡ್ಡದಲ್ಲಿ ಇಂಗಿದ ಮಳೆಯೂ ಅಷ್ಟೇ ಬೇಗ ಏರಿಸುತ್ತದೆ.

ಇನ್ನು ಕಟ್ಟದ ವಿಷಯ. ಹಾಕಿ, ಆದರೆ ಎರಡು ವಾರ ಮೊದಲಿಂದಲೇ ದಿನಾ ಅಳೆಯಿರಿ. ಬಾವಿ ತುಂಬಲೇಬೇಕೆಂದಿಲ್ಲ. ಹಳ್ಳದ ಮಟ್ಟ ಏರಿ, ಬಾವಿ ದಿನಾ ಇಳಿಯುವುದು ಕಮ್ಮಿಯಾದರೂ ಲಾಭವೇ. ಹಳ್ಳ ಹರಿಯುವ ದಿಕ್ಕಿನಲ್ಲಿ ಕಟ್ಟ ಬಾವಿಗಿಂತ ಕೆಳಗಡೆ ಇರಲಿ. ಮೇಲುಗಡೆ ಹಾಕಿದರೆ ನಿಂತ ನೀರು ನಿಮ್ಮ ಬಾವಿಯ ಎದುರಿಗೆ ಬರುವುದೇ ಇಲ್ಲ.