ಸರ್ಪಸುತ್ತಿನಲ್ಲಿ ಕೀವು: ಮುಲಾಮು ಸಾಕೇ?
ಸ್ಟೀರಾಯ್ಡ್ ಮಾತ್ರೆಯಲ್ಲಿರುವ ನಿಮ್ಮ ತಂದೆಯವರ ಸರ್ಪಸುತ್ತಿನಲ್ಲಿ ಆರನೇ ದಿನ ಕೀವು ಕಂಡಿದೆ, ಜ್ವರವಿಲ್ಲ, ಮುಲಾಮು ಸಾಕೇ ಎಂದು ಕೇಳಿದ್ದೀರಿ. ಸಾಲದು, ಇವತ್ತೇ ವೈದ್ಯರಿಗೆ ತೋರಿಸಿ. ಜ್ವರವಿಲ್ಲ ಎಂಬುದನ್ನು ನೆಚ್ಚಬೇಡಿ, ಸ್ಟೀರಾಯ್ಡ್ ಅದನ್ನು ಅಡಗಿಸಿಬಿಡಬಹುದು.

ಒಡೆದ ಗುಳ್ಳೆಯಿಂದ ಸ್ಟ್ಯಾಫಿಲೋಕಾಕಸ್ ಅಥವಾ ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ ಒಳಹೊಕ್ಕರೆ ಸರ್ಪಸುತ್ತಿಗೆ ಕೊಡುವ ಅಸೈಕ್ಲೋವಿರ್ ನಾಟದು, ಅದು ವೈರಸ್ಸಿಗಷ್ಟೇ. ಹಾಗಂತ ಅದನ್ನಾಗಲಿ ಸ್ಟೀರಾಯ್ಡನ್ನಾಗಲಿ ನೀವಾಗಿ ನಿಲ್ಲಿಸಬೇಡಿ. ಅವುಗಳ ಜೊತೆಗೆ ಆಂಟಿಬಯೋಟಿಕ್ ಸೇರಬೇಕಾಗುತ್ತದೆ. ನೋವಿಗೆ ಐಬುಪ್ರೊಫೆನ್ ಬೇಡ.

ಹೊರಡುವ ಮೊದಲು ಕೆಂಪಿನ ಅಂಚಿಗೆ ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ ಸಮಯ ಬರೆಯಿರಿ. ಸರ್ಪಸುತ್ತು ಹೇಗೂ ಉರಿಯುತ್ತದೆ. ಆದರೆ ಗುಳ್ಳೆಯಿಲ್ಲದ ಕಡೆಗೂ ವಿಪರೀತ ನೋವು ಹಬ್ಬಿದರೆ, ಕೆಂಪು ಬಣ್ಣ ಪೆನ್ನಿನ ಗೆರೆ ದಾಟಿ ಸರಸರನೆ ಹರಡಿದರೆ, ಚರ್ಮ ನೇರಳೆಯಾದರೆ ಅಥವಾ ಮರಗಟ್ಟಿದರೆ ನೇರ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಿ. ಅಂಗಾಂಶ ಕೊಳೆಸುವ ಸೋಂಕಿದ್ದರೆ ಕೆಲವೇ ಗಂಟೆಗಳಲ್ಲಿ ಶಸ್ತ್ರಚಿಕಿತ್ಸೆ ಆಗಬೇಕು.