ಅಜ್ಜಿಯ ಸೋಬಾನೆ ಪದ ಕೀಬೋರ್ಡಿನ ಮೇಲೆ: ಕತ್ತರಿ ಎಲ್ಲಿ ಹಾಕಬೇಕು?

ಪ್ರಶ್ನೆ: ನಮ್ಮಜ್ಜಿ ಹಾಡುವ ಸೋಬಾನೆ ಪದವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೇನೆ. ಅದನ್ನು ತುಂಡು ಮಾಡಿ, ಕಂಪ್ಯೂಟರಿಗೆ ಜೋಡಿಸುವ 25 ಕೀಗಳ ಮಿಡಿ ಕೀಬೋರ್ಡಿನಿಂದ ನುಡಿಸುತ್ತ ಒಂದು ಬೀಟ್‌ಗೆ ಕೂಡಿಸಬೇಕೆಂದು ಆಸೆ. ಏಬಲ್ಟನ್ ಲೈವ್ ಎಂಬ ಸಂಗೀತ ಸಾಫ್ಟ್‌ವೇರಿನ ಸಿಂಪ್ಲರ್‌ಗೆ (ರೆಕಾರ್ಡ್ ಮಾಡಿದ ಸದ್ದನ್ನು ಕೀಗಳಿಂದ ನುಡಿಸುವ ಸಾಧನ) ಹಾಕಿ ಸ್ಲೈಸ್ ಒತ್ತಿದರೆ ಅರವತ್ತು ಚಿಲ್ಲರೆ ತುಂಡುಗಳಾದವು. ಮೊದಲ ಕೀ ಒತ್ತಿದರೆ ಹಾಡಿನ ಮೊದಲ ತುಂಡು ಬರುವುದಿಲ್ಲ, ನಡುವಿನದು ಯಾವುದೋ ಬರುತ್ತದೆ. ಒಂದು ಮುಗಿಯುವ ಮೊದಲೇ ಇನ್ನೊಂದು ಬಂದು ಬೀಳುತ್ತದೆ, ತುಂಡಿನ ಕೊನೆಗೆ ‘ಟಕ್’ ಎನ್ನುತ್ತದೆ. ಎಲ್ಲಕ್ಕಿಂತ ಬೇಸರವೆಂದರೆ, ತಾಳಕ್ಕೆ ಸರಿಯಾಗಿ ಒತ್ತಿದರೂ ದನಿ ತಡವಾಗಿ ಬಂದಂತೆ ಕೇಳುತ್ತದೆ. ಕ್ವಾಂಟೈಸ್ ಮಾಡಿದರೆ, ಅಂದರೆ ನೋಟ್‌ಗಳನ್ನು ತಾಳದ ಗೆರೆಗಳ (ಗ್ರಿಡ್) ಮೇಲೆ ಸಾಫ್ಟ್‌ವೇರೇ ಕೂರಿಸುವಂತೆ ಮಾಡಿದರೆ, ಇನ್ನೂ ಕೆಡುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?
– ಓದುಗರು, ಸಾಗರ

ಉತ್ತರ: ಮೊದಲು ಸುಲಭದ್ದನ್ನು ಮುಗಿಸೋಣ. ಸಿಂಪ್ಲರ್ ತನ್ನ ಮೊದಲ ತುಂಡನ್ನು ಸಿ1 ಕೀ ಮೇಲೆ, ಅಂದರೆ ಮಿಡಿ ನೋಟ್ 36ರ ಮೇಲೆ ಕೂರಿಸುತ್ತದೆ. 25 ಕೀಗಳ ಕೀಬೋರ್ಡುಗಳು ಸಾಮಾನ್ಯವಾಗಿ 48ರಿಂದ ಶುರುವಾಗುತ್ತವೆ. ನಡುವೆ ಹನ್ನೆರಡು ನೋಟ್‌ಗಳ ಅಂತರ. ಹಾಗಾಗಿ ನಿಮ್ಮ ಮೊದಲ ಕೀ ನುಡಿಸುತ್ತಿರುವುದು ಹದಿಮೂರನೆಯ ತುಂಡನ್ನು. ಕೀಬೋರ್ಡಿನ ಆಕ್ಟೇವ್ ಮೈನಸ್ ಬಟನ್ನನ್ನು ಒಂದು ಸಲ ಒತ್ತಿ, ಸರಿಹೋಗುತ್ತದೆ. ಒಂದು ಎಚ್ಚರಿಕೆ: ಇದೇ 36ನ್ನು ಕೆಲವು ಕಂಪನಿಗಳು ಸಿ2 ಎಂದು ಕರೆಯುತ್ತವೆ. ಅಕ್ಷರ ನಂಬಬೇಡಿ, ಸಂಖ್ಯೆ ನೋಡಿ.

ಇನ್ನು ಅಸಲು ವಿಷಯ. ನಿಮ್ಮ ಅರ್ಧ ತೊಂದರೆಗೆ ಕಾರಣ ಒಂದೇ: ಕತ್ತರಿಯನ್ನು ಯಂತ್ರದ ಕೈಗೆ ಕೊಟ್ಟಿದ್ದೀರಿ. ಟ್ರಾನ್ಸಿಯೆಂಟ್ ಎಂಬ ಆಯ್ಕೆ ಸದ್ದು ಎಲ್ಲಿ ದಿಢೀರನೆ ಏರುತ್ತದೆ ಎಂದು ಹುಡುಕುತ್ತದೆ. ಡ್ರಮ್ಮಿಗೆ ಅದು ಸರಿ, ಏಕೆಂದರೆ ಅಲ್ಲಿ ಪ್ರತಿ ಪೆಟ್ಟೂ ಒಂದು ಏರು. ಹಾಡು ಹಾಗಲ್ಲ. ‘ಸೋಬಾನೆ’ ಎಂಬ ಒಂದೇ ಪದವನ್ನು ಸದ್ದಿನ ಅಲೆಯ ಚಿತ್ರವಾದ ವೇವ್‌ಫಾರ್ಮ್‌ನಲ್ಲಿ ದೊಡ್ಡದು ಮಾಡಿ ನೋಡಿ. ಮೊದಲು ‘ಸ್’ ಎಂಬ ಸುಯ್ಯೆನ್ನುವ ಸದ್ದು, ಮರಳು ಚೆಲ್ಲಿದ ಹಾಗೆ ಸಣ್ಣಗೆ ದಟ್ಟವಾಗಿ ಕಾಣುತ್ತದೆ. ಆಮೇಲೆ ‘ಓ’ ಬಂದಾಗ ಒಮ್ಮೆಲೇ ಅಲೆಗಳು ದೊಡ್ಡದಾಗುತ್ತವೆ. ಯಂತ್ರ ಇಲ್ಲಿ ಎರಡು ಕಡೆ ಕತ್ತರಿಸುತ್ತದೆ: ‘ಸ್’ ಶುರುವಿನಲ್ಲಿ ಒಂದು, ‘ಓ’ ಶುರುವಿನಲ್ಲಿ ಇನ್ನೊಂದು. ‘ಬಾ’ ಸಿಗುತ್ತದೆ. ‘ನೆ’ ಸಿಗುವುದೇ ಇಲ್ಲ, ಯಾಕೆಂದರೆ ‘ನ್’ ಮೂಗಿನಲ್ಲಿ ಹರಿದು ಬರುವ ವ್ಯಂಜನ, ಅದಕ್ಕೆ ಪೆಟ್ಟಿಲ್ಲ. ಹಾಗಾಗಿ ನಿಮಗೆ ‘ಸ್’, ‘ಓ’, ‘ಬಾನೆ’ ಎಂಬ ಮೂರು ತುಂಡುಗಳು ಸಿಗುತ್ತವೆ. ಅಜ್ಜಿ ಹಾಡಿದ್ದು ‘ಸೋ’, ‘ಬಾ’, ‘ನೆ’. ಇದರ ಜೊತೆಗೆ ಬಳೆ ತಾಗಿದ ಸದ್ದು, ಒಳಗೆಲ್ಲೋ ಪಾತ್ರೆ ಇಟ್ಟ ಸದ್ದು, ಎಲ್ಲಕ್ಕೂ ಯಂತ್ರ ಒಂದೊಂದು ತುಂಡು ಕೊಟ್ಟಿರುತ್ತದೆ. ಅರವತ್ತು ಚಿಲ್ಲರೆ ಹುಟ್ಟಿದ್ದು ಹೀಗೆ.

ಸ್ಲೈಸ್ ಬೈ ಎಂಬಲ್ಲಿ ಮ್ಯಾನುಯಲ್ ಆರಿಸಿ. ಕಣ್ಣು ಮುಚ್ಚಿ ಒಂದು ಸಾಲು ಕೇಳಿ, ಅಜ್ಜಿಯ ಜೊತೆ ಬಾಯಲ್ಲೇ ಹೇಳಿಕೊಳ್ಳಿ, ಎಲ್ಲಿ ಅಕ್ಷರ ಬೇರೆಯಾಗುತ್ತದೆ ಎನಿಸುತ್ತದೋ ಅಲ್ಲಿ ಡಬಲ್ ಕ್ಲಿಕ್ ಮಾಡಿ. ಗೆರೆಯನ್ನು ಎಳೆದು ಆಚೀಚೆ ಸರಿಸಬಹುದು, ಗೆರೆಯ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಅಳಿಸಿಹೋಗುತ್ತದೆ. ಎಂಟರಿಂದ ಹನ್ನೆರಡು ತುಂಡು ಸಾಕು. ಎರಡು ಕೈಯಲ್ಲಿ ಇರುವುದು ಹತ್ತು ಬೆರಳು. ಬೆರಳಿಗೆ ನೆನಪಿರುವಷ್ಟು ತುಂಡುಗಳಿದ್ದರೆ ಮಾತ್ರ ಅದು ನುಡಿಸುವ ವಾದ್ಯ.

ಒಂದು ಗುಟ್ಟು ಹೇಳುತ್ತೇನೆ, ಇದು ಕನ್ನಡದಲ್ಲಿ ಹಾಡುವವರಿಗೆ ಸಿಕ್ಕ ಭಾಗ್ಯ. ‘ಅಕ್ಕ’, ‘ಅಪ್ಪ’, ‘ಮುತ್ತು’ ಎಂದು ಹೇಳಿ ನೋಡಿ. ಒತ್ತಕ್ಷರದ ನಡುವೆ ಬಾಯಿ ಪೂರ್ತಿ ಮುಚ್ಚಿ, ಒಂದು ಚಣ ದನಿಯೇ ಇರುವುದಿಲ್ಲ. ವೇವ್‌ಫಾರ್ಮ್‌ನಲ್ಲಿ ಅಲ್ಲಿ ಬರೀ ಗೆರೆ. ಕತ್ತರಿ ಹಾಕಲು ಅದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ, ಮೌನದಲ್ಲಿ ಕತ್ತರಿಸಿದರೆ ‘ಟಕ್’ ಬರುವ ಮಾತೇ ಇಲ್ಲ. ಅಜ್ಜಿಯ ಪದದಲ್ಲಿ ಇಂಥ ಅಕ್ಷರಗಳನ್ನು ಮೊದಲು ಹುಡುಕಿಕೊಳ್ಳಿ.

‘ಟಕ್’ ಬರುವುದು ಅಲೆ ಮೇಲೆಯೋ ಕೆಳಗೋ ಇರುವಾಗ ಕತ್ತರಿಸಿದ್ದರಿಂದ. ಅಲೆ ಸೊನ್ನೆಯ ಗೆರೆ ದಾಟುವಲ್ಲಿ ಕತ್ತರಿಸಿದರೆ ಬಹುಪಾಲು ಹೋಗುತ್ತದೆ. ಉಳಿದದ್ದಕ್ಕೆ ಸಿಂಪ್ಲರ್‌ನ ಫೇಡ್ ಇನ್ (ಶುರುವಿನಲ್ಲಿ ಸದ್ದನ್ನು ಮೆಲ್ಲಗೆ ಏರಿಸುವುದು), ಫೇಡ್ ಔಟ್ (ಕೊನೆಯಲ್ಲಿ ಮೆಲ್ಲಗೆ ಇಳಿಸುವುದು) ಇವೆ. ಕ, ತ, ಪಗಳಿಂದ ಶುರುವಾಗುವ ತುಂಡಿಗೆ ಫೇಡ್ ಇನ್ 1-2 ಮಿಲಿಸೆಕೆಂಡ್ ದಾಟದಿರಲಿ, ಹೆಚ್ಚಾದರೆ ಆ ವ್ಯಂಜನದ ಮೊನೆಯೇ ಮಾಸಿಹೋಗುತ್ತದೆ. ಸ್ವರದಲ್ಲಿ ಮುಗಿಯುವ ತುಂಡಿನ ಫೇಡ್ ಔಟ್‌ಗೆ ಧಾರಾಳವಾಗಿ 10-15 ಕೊಡಿ.

ಈಗ ತಡದ ಮಾತು. ನೀವು ತಾಳ ತಪ್ಪುತ್ತಿಲ್ಲ. ಹಾಡುವವರು ತಾಳದ ಪೆಟ್ಟಿಗೆ ಕೂರಿಸುವುದು ಸ್ವರವನ್ನು, ವ್ಯಂಜನವನ್ನಲ್ಲ. ‘ಸೋ’ ಹಾಡುವಾಗ ಅಜ್ಜಿ ‘ಸ್’ ಅನ್ನು ಪೆಟ್ಟಿಗಿಂತ ಮೊದಲೇ ಶುರುಮಾಡಿ ‘ಓ’ವನ್ನು ಪೆಟ್ಟಿನ ಮೇಲೆ ಇಳಿಸುತ್ತಾರೆ. ಯಾರೂ ಅವರಿಗೆ ಅದನ್ನು ಹೇಳಿಕೊಟ್ಟಿಲ್ಲ, ಹಾಡುವ ಎಲ್ಲರ ಗಂಟಲಿಗೂ ಅದು ಗೊತ್ತು. ನೀವು ಪೆಟ್ಟಿಗೆ ಸರಿಯಾಗಿ ಕೀ ಒತ್ತಿದರೆ ‘ಸ್’ ಪೆಟ್ಟಿನ ಮೇಲೆ ಬಿದ್ದು, ‘ಓ’ ಅದರ ಹಿಂದೆ ಬರುತ್ತದೆ. ಲೆಕ್ಕ ನೋಡಿ: 90 ಬಿಪಿಎಂ (ನಿಮಿಷಕ್ಕೆ 90 ಬೀಟ್) ವೇಗದಲ್ಲಿ ಒಂದು ಬೀಟ್ ಸುಮಾರು 667 ಮಿಲಿಸೆಕೆಂಡ್, ಅದರ ಕಾಲು ಭಾಗ 167. ‘ಸ್’ 100 ಮಿಲಿಸೆಕೆಂಡ್ ಇದ್ದರೂ ಸಾಕು, ಕಾಲು ಭಾಗದ ಅರ್ಧಕ್ಕಿಂತ ಹೆಚ್ಚು ಹಿಂದೆ ಬಿದ್ದಿರಿ. ಕ್ವಾಂಟೈಸ್ ಇದನ್ನು ಇನ್ನೂ ಕೆಡಿಸಿದ್ದು ಯಾಕೆಂದು ಈಗ ತಿಳಿಯಿತಲ್ಲ? ನಿಮ್ಮ ಕೈ ತಾನಾಗಿಯೇ ಸ್ವಲ್ಪ ಮುಂಚೆ ಒತ್ತಿ ಸರಿಮಾಡಿಕೊಳ್ಳಲು ನೋಡುತ್ತಿತ್ತು, ಸಾಫ್ಟ್‌ವೇರ್ ಅದನ್ನು ಎಳೆದು ಮತ್ತೆ ಗ್ರಿಡ್ ಮೇಲೆ ಕೂರಿಸಿತು.

ಇದಕ್ಕೆ ಎರಡು ದಾರಿ. ‘ಸ್’, ‘ಶ್’, ‘ಹ್’ ಇರುವ ತುಂಡುಗಳ ಶುರುವಿನ ಗೆರೆಯನ್ನು ಬಲಕ್ಕೆ ಸರಿಸಿ, ಕೊನೆಯ 30-40 ಮಿಲಿಸೆಕೆಂಡ್ ಮಾತ್ರ ಉಳಿಸಿ. ಪೂರ್ತಿ ತೆಗೆಯಬೇಡಿ, ‘ಸೋಬಾನೆ’ ಹೋಗಿ ‘ಓಬಾನೆ’ ಆಗುತ್ತದೆ. ಇಲ್ಲವೇ ತುಂಡನ್ನು ಹಾಗೇ ಬಿಟ್ಟು, ನುಡಿಸಿ ಮುಗಿದ ಮೇಲೆ ಆ ನೋಟ್‌ಗಳನ್ನಷ್ಟೇ ಆರಿಸಿ ಗ್ರಿಡ್‌ನಿಂದ ಎಡಕ್ಕೆ ಎಳೆಯಿರಿ, ‘ಓ’ ಪೆಟ್ಟಿನ ಮೇಲೆ ಬರುವವರೆಗೆ. ಎರಡನೆಯದು ಬೇಸರದ ಕೆಲಸ, ಆದರೂ ನಾನು ಅದನ್ನೇ ಮಾಡುತ್ತೇನೆ. ವಯಸ್ಸಾದವರ ದನಿಯಲ್ಲಿ ‘ಸ್’ಗೆ ತನ್ನದೇ ಒಂದು ಗಾಳಿ ಇರುತ್ತದೆ, ಅದನ್ನು ಕಳೆದುಕೊಳ್ಳಲು ಮನಸ್ಸಾಗುವುದಿಲ್ಲ. ಹೇಗೂ ಒಂದು ಮಾತು ನೆನಪಿರಲಿ: ಡ್ರಮ್ಮನ್ನು ಬೇಕಾದರೆ ಕ್ವಾಂಟೈಸ್ ಮಾಡಿ, ಅಜ್ಜಿಯನ್ನು ಮಾಡಬೇಡಿ.

ಒಂದರ ಮೇಲೊಂದು ಬೀಳುವುದಕ್ಕೆ ಕಾರಣ ಪ್ಲೇಬ್ಯಾಕ್ ಪಾಲಿಯಲ್ಲಿರುವುದು. ಮೋನೋ ಮಾಡಿ, ಹೊಸ ತುಂಡು ಬಂದ ಕೂಡಲೇ ಹಳೆಯದು ನಿಲ್ಲುತ್ತದೆ. ಒಬ್ಬರ ಕೊರಳಿನಿಂದ ಒಂದೇ ಸಲ ಎರಡು ಅಕ್ಷರ ಬರುವುದಿಲ್ಲವಲ್ಲ. ಪಕ್ಕದಲ್ಲೇ ಟ್ರಿಗರ್, ಗೇಟ್ ಎಂಬ ಆಯ್ಕೆ ಇದೆ. ಟ್ರಿಗರ್‌ನಲ್ಲಿ ಕೀ ಮುಟ್ಟಿ ಬಿಟ್ಟರೂ ತುಂಡು ಪೂರ್ತಿ ನುಡಿಯುತ್ತದೆ, ಗೇಟ್‌ನಲ್ಲಿ ಬೆರಳು ಎತ್ತಿದೊಡನೆ ನಿಲ್ಲುತ್ತದೆ. ನನ್ನ ಆಯ್ಕೆ ಗೇಟ್. ಅಕ್ಷರವನ್ನು ಎಷ್ಟು ಹೊತ್ತು ಹಿಡಿಯಬೇಕು ಎಂಬುದು ಬೆರಳಿಗೆ ಬಂದಾಗಲೇ ಹಾಡಿನ ಉಸಿರು ಕೈಗೆ ಸಿಗುತ್ತದೆ. ಮುಂದೆ ಒಂದೊಂದು ತುಂಡಿಗೂ ಬೇರೆ ಬೇರೆ ಎಫೆಕ್ಟ್ ಬೇಕೆನಿಸಿದರೆ ರೈಟ್ ಕ್ಲಿಕ್ ಮಾಡಿ, ತುಂಡಿಗೊಂದು ಪ್ಯಾಡ್ ಇರುವ ಡ್ರಮ್ ರ‍್ಯಾಕ್ ಆಗಿ ಬದಲಿಸಿ, ಎಲ್ಲ ಪ್ಯಾಡುಗಳನ್ನೂ, ಒಂದು ನುಡಿದಾಗ ಉಳಿದವು ನಿಲ್ಲುವಂತೆ, ಒಂದೇ ಚೋಕ್ ಗ್ರೂಪ್‌ಗೆ ಹಾಕಿ. ತೆರೆದ ಹೈಹ್ಯಾಟನ್ನು ಮುಚ್ಚಿದ ಹೈಹ್ಯಾಟ್ ತಡೆಯಲೆಂದು ಬಂದ ಸೌಲಭ್ಯ ಅದು, ಹಾಡಿನ ತುಂಡುಗಳಿಗೂ ಅಷ್ಟೇ ಚೆನ್ನಾಗಿ ಒದಗುತ್ತದೆ.

ನೀವು ಕೇಳಿಲ್ಲ, ಆದರೆ ನಾಳೆ ಕೇಳುತ್ತೀರಿ: ಒಂದೇ ‘ಸೋ’ವನ್ನು ಬೇರೆ ಬೇರೆ ಕೀಗಳಲ್ಲಿ ಬೇರೆ ಬೇರೆ ಶ್ರುತಿಯಲ್ಲಿ ನುಡಿಸುವುದು ಹೇಗೆ? ಸ್ಲೈಸ್ ಬಿಟ್ಟು ಕ್ಲಾಸಿಕ್‌ಗೆ ಹೋಗಿ. ಅಲ್ಲಿ ಒಂದೊಂದು ಕೀ ಮೇಲೇರಿದಂತೆ ತುಂಡು ಸುಮಾರು ಶೇ 6ರಷ್ಟು ವೇಗವಾಗುತ್ತದೆ, ಒಂದು ಸ್ಥಾಯಿ ಮೇಲೆ ಸರಿಯಾಗಿ ಎರಡು ಪಟ್ಟು. ಶ್ರುತಿಯ ಜೊತೆಗೆ ಬಾಯಿ, ಗಂಟಲಿನ ಆಕಾರವೂ ಕುಗ್ಗಿದಂತಾಗಿ ಎಪ್ಪತ್ತರ ಅಜ್ಜಿ ಏಳರ ಮಗುವಾಗುತ್ತಾರೆ. ಆಚೆ ಈಚೆ ಎರಡು ಮೂರು ಕೀಗಳವರೆಗೆ ದನಿ ತಾಳುತ್ತದೆ. ಅದಕ್ಕೂ ಮೀರಿ ಬೇಕಿದ್ದರೆ ವಾರ್ಪ್ ಆನ್ ಮಾಡಿ ಕಾಂಪ್ಲೆಕ್ಸ್ ಪ್ರೋ ಆರಿಸಿ, ಅದರಲ್ಲಿ ಫಾರ್ಮಂಟ್ಸ್ ಎಂಬ ಹೊಂದಿಕೆ ದನಿಯ ಆಕಾರವನ್ನು ಹಿಡಿದಿಡುತ್ತದೆ. ಆದರೂ ದನಿ ಜಾರಿಕೊಂಡು ಹೋಗುವ ಕಡೆ, ಗಮಕವಿರುವ ಕಡೆ ಇದನ್ನು ಪ್ರಯೋಗಿಸಬೇಡಿ. ಜಾರು ಅರ್ಧಕ್ಕೆ ತುಂಡಾದರೆ ಕಿವಿ ಮುಂದಿನ ಸ್ವರಕ್ಕೆ ಕಾಯುತ್ತಲೇ ಇರುತ್ತದೆ. ದನಿ ಬಂದು ಒಂದು ಸ್ವರದ ಮೇಲೆ ನಿಂತ ತುಂಡನ್ನೇ ಆರಿಸಿಕೊಳ್ಳಿ.

ಅಕ್ಷರಗಳನ್ನು ಬಿಳಿ ಕೀಗಳ ಮೇಲೆ ಜೋಡಿಸಿ, ಸಾಲುಗಳ ನಡುವೆ ಅಜ್ಜಿ ಎಳೆದುಕೊಂಡ ಉಸಿರನ್ನು ಒಂದು ಕಪ್ಪು ಕೀ ಮೇಲೆ ಇಡಿ. ಜೋಡಿಸುವ ಕೆಲಸಕ್ಕೆ ಡ್ರಮ್ ರ‍್ಯಾಕ್ ಬೇಕಾಗುತ್ತದೆ. ಉಸಿರನ್ನು ಎಸೆದುಬಿಡುವವರೇ ಹೆಚ್ಚು. ತುಂಡುಗಳ ನಡುವೆ ಅದೊಂದು ಬಂದರೆ ಸಾಕು, ಕೇಳುವವರಿಗೆ ಎದುರಿಗೆ ಒಬ್ಬರು ಕೂತಿದ್ದಾರೆ ಎನಿಸುತ್ತದೆ. ವೆಲಾಸಿಟಿಯನ್ನು, ಅಂದರೆ ಕೀ ಒತ್ತಿದ ರಭಸವನ್ನು, ವಾಲ್ಯೂಮ್‌ಗೆ ತೀರಾ ಕಡಿಮೆ ಕಟ್ಟಿ. ಕೀ ಮೆಲ್ಲಗೆ ಒತ್ತಿದರೆ ಸದ್ದು ತಗ್ಗುತ್ತದೆಯೇ ಹೊರತು ಅಜ್ಜಿ ಮೆಲ್ಲಗೆ ಹಾಡಿದಂತೆ ಆಗುವುದಿಲ್ಲ.

ಕೈ ಕೂರುವವರೆಗೆ ನಿಮ್ಮದೇ ದನಿಯಲ್ಲಿ ‘ತ ಕ ಧಿ ಮಿ’, ‘ತ ಕಿ ಟ’ ಹೇಳಿ, ಆ ಕೊನ್ನಕ್ಕೋಲನ್ನು ಕತ್ತರಿಸಿ ಅಭ್ಯಾಸ ಮಾಡಿ. ಗಟ್ಟಿ ವ್ಯಂಜನಗಳು, ಗಿಡ್ಡ ಸ್ವರಗಳು. ಟ್ರಾನ್ಸಿಯೆಂಟ್ ಆಯ್ಕೆ ಕೂಡ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ.

ಬೇರೆ ಸಾಫ್ಟ್‌ವೇರ್ ಬಳಸುವ ಓದುಗರಿಗೆ: ಲಾಜಿಕ್‌ನಲ್ಲಿ 2020ರಲ್ಲಿ ಬಂದ ಕ್ವಿಕ್ ಸ್ಯಾಂಪ್ಲರ್‌ಗೂ ಸ್ಲೈಸ್ ಮೋಡ್ ಇದೆ, ಎಫ್ಎಲ್ ಸ್ಟುಡಿಯೋದಲ್ಲಿ ಸ್ಲೈಸೆಕ್ಸ್ ಇದೆ. ರೀಪರ್‌ನ ರೀಸ್ಯಾಂಪಲೋಮ್ಯಾಟಿಕ್‌ನಲ್ಲಿ ಒಂದೊಂದು ತುಂಡಿಗೆ ಒಂದೊಂದು ಕೀ ನೀವೇ ಕೊಡಬೇಕು, ಗೇಟ್‌ನಂತೆ ನಡೆಯಬೇಕಿದ್ದರೆ ಒಬೇ ನೋಟ್ ಆಫ್ಸ್ ಎಂಬುದಕ್ಕೆ ಟಿಕ್ ಹಾಕಬೇಕು. ಅಕ್ಷರದ ನ್ಯಾಯ ಎಲ್ಲ ಕಡೆಯೂ ಒಂದೇ.

ಪ್ರಶ್ನೆ: ನನಗೂ ತಡವಾಗಿ ಕೇಳುತ್ತದೆ, ಆದರೆ ‘ಸ’ ಮಾತ್ರವಲ್ಲ, ಪಿಯಾನೋ, ಡ್ರಮ್ ಎಲ್ಲವೂ. ವಿಂಡೋಸ್ ಲ್ಯಾಪ್‌ಟಾಪ್, ಬ್ಲೂಟೂತ್ ಹೆಡ್‌ಫೋನ್.
– ಓದುಗರು, ಹಾಸನ

ಉತ್ತರ: ಹೆಡ್‌ಫೋನ್ ಬದಲಿಸಿ, ವೈರ್ ಇರುವುದನ್ನು ಹಾಕಿ. ಬ್ಲೂಟೂತ್‌ನಲ್ಲಿ ಸದ್ದು ಕಿವಿಗೆ ತಲುಪುವಾಗ 100 ಮಿಲಿಸೆಕೆಂಡ್ ದಾಟುವುದು ಮಾಮೂಲು, ಯಾವ ಸೆಟ್ಟಿಂಗ್‌ನಿಂದಲೂ ಅದನ್ನು ನುಡಿಸುವ ಮಟ್ಟಕ್ಕೆ ತರಲಾಗದು. ಆಮೇಲೆ ಆಡಿಯೋ ಸೆಟ್ಟಿಂಗ್‌ನಲ್ಲಿ ಡ್ರೈವರನ್ನು ಏಸಿಯೋ (ತಡ ಕಡಿಮೆ ಇರುವ ಬಗೆ) ಮಾಡಿ, ಬಫರ್ (ಕಂಪ್ಯೂಟರ್ ಸದ್ದನ್ನು ಒಮ್ಮೆಗೆ ಕೂಡಿಟ್ಟು ಕಳಿಸುವ ಕಂತು) ಇಳಿಸಿ. 44,100 ಸ್ಯಾಂಪಲ್ ರೇಟ್‌ನಲ್ಲಿ 1024ರ ಬಫರ್ ಎಂದರೆ 23 ಮಿಲಿಸೆಕೆಂಡ್, 256 ಎಂದರೆ ಸುಮಾರು 6, 128 ಎಂದರೆ 3ಕ್ಕೂ ಕಡಿಮೆ. ನುಡಿಸುವಾಗ 128 ಅಥವಾ 256, ಮಿಕ್ಸ್ ಮಾಡುವಾಗ 1024. ಸದ್ದು ಬಿರುಕುಬಿಟ್ಟರೆ ಒಂದು ಮೆಟ್ಟಿಲು ಮೇಲೆ ಹೋಗಿ.

ಪ್ರಶ್ನೆ: ಜಾನಪದ ಗೀತೆಗೆ ಯಾರ ಹಕ್ಕೂ ಇಲ್ಲ ಎನ್ನುತ್ತಾರೆ. ಹಾಗಾದರೆ ಹಳೆಯ ಕ್ಯಾಸೆಟ್ಟಿನ ಜಾನಪದ ಹಾಡನ್ನು ಕತ್ತರಿಸಿ ಬಳಸಬಹುದೇ?
– ಓದುಗರು, ವಿಜಯಪುರ

ಉತ್ತರ: ಪದ ಯಾರದ್ದೂ ಅಲ್ಲದಿರಬಹುದು, ಆ ರೆಕಾರ್ಡಿಂಗ್ ಒಬ್ಬರದು. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮೇಲೆ 60 ವರ್ಷ ಇರುತ್ತದೆ. ಹಾಡಿದವರಿಗೂ ಪ್ರತ್ಯೇಕ ಹಕ್ಕಿದೆ, ಹಾಡಿದ ಮೇಲೆ 50 ವರ್ಷ. ಎರಡು ಸೆಕೆಂಡಿನ ತುಂಡಾದರೆ ಪರವಾಗಿಲ್ಲ ಎಂಬ ನಿಯಮ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಕ್ಯಾಸೆಟ್ ತಂದ ಕಂಪನಿಗೆ ಬರೆದು ಒಪ್ಪಿಗೆ ಪಡೆಯಿರಿ, ಇಲ್ಲವೇ ನಿಮ್ಮೂರಿನಲ್ಲೇ ಹಾಡುವವರನ್ನು ಹುಡುಕಿ, ಸಂಭಾವನೆ ಕೊಟ್ಟು, ಬಳಸುವುದು ಹೇಗೆಂದು ಮೊದಲೇ ವಿವರಿಸಿ ಹೊಸದಾಗಿ ರೆಕಾರ್ಡ್ ಮಾಡಿಕೊಳ್ಳಿ. ಎರಡನೆಯದನ್ನೇ ಮಾಡಿ ಎನ್ನುತ್ತೇನೆ. ಕ್ಯಾಸೆಟ್ಟಿನಲ್ಲಿ ಹಾಡಿನ ಹಿಂದೆ ವಾದ್ಯಗಳು ಬೆರೆತಿರುತ್ತವೆ, ಕತ್ತರಿಸಿದ ಪ್ರತಿ ತುಂಡಿನಲ್ಲೂ ಅವುಗಳ ಚೂರು ಅಂಟಿಕೊಂಡು ಬರುತ್ತದೆ. ಎದುರಿಗೆ ಕೂತು ಬರಿಗೊರಳಲ್ಲಿ ಹಾಡಿದ್ದು ನಿಮಗೆ ಶುದ್ಧವಾಗಿ ಸಿಗುತ್ತದೆ. ಸಾಗರದ ಓದುಗರೂ ಇದನ್ನು ಗಮನಿಸಿ: ಹಾಡಿದವರ ಹಕ್ಕು ನಿಮ್ಮಜ್ಜಿಗೂ ಇದೆ. ತುಂಡುಗಳನ್ನು ನುಡಿಸಿ ಅವರಿಗೆ ಕೇಳಿಸಿ, ಒಪ್ಪಿದರೆ ಹಾಡಿನ ಜೊತೆ ಅವರ ಹೆಸರು ಹಾಕಿ.