ಬಾಗಿಲು ಹಾಕದೆ ಬಾಡಿ ಬೋಲ್ಟ್ ಬಿಗಿಯಬೇಡ, ತಮ್ಮಾ

ತಮ್ಮಾ, ಜಮಖಂಡಿಯಿಂದ ನೀನು ಹಾಕಿರುವ ಫೋಟೋ ಎರಡು ಸಲ ಹಿಗ್ಗಿಸಿ ನೋಡಿದೆ. ಹಳೆ ಜೀಪಿನ ಚಾಸಿ, ಅಂದರೆ ಅಡಿಯ ಕಬ್ಬಿಣದ ಚೌಕಟ್ಟು, ಸ್ಟ್ಯಾಂಡ್ ಮೇಲಿದೆ. ಗಾಲಿ ಇಲ್ಲ, ಎಂಜಿನ್ ಇಲ್ಲ. ಮನೆಯಲ್ಲೇ ಜೋಡಿಸುವ ಕಾರ್ ಕಿಟ್ಟಿನ ಫೈಬರ್‌ಗ್ಲಾಸ್ ಬಾಡಿ ಇಟ್ಟು ಮುಂದಿನ ನಾಲ್ಕು ಬೋಲ್ಟ್ ಆಗಲೇ ಬಿಗಿದಿದ್ದೀಯ. ಬಾಗಿಲು ಇನ್ನೂ ಗೋಡೆಗೆ ಒರಗಿವೆ. ‘ಎಡಗಡೆ ಹಿಂದೆ ಬಾಡಿಗೂ ಚಾಸಿಗೂ ನಡುವೆ 8 ಮಿ.ಮೀ. ಸಂದು ಇದೆ, ಬೋಲ್ಟ್ ಎಳೆದರೆ ಕೂರುತ್ತೆ ಅಲ್ವಾ?’ ಎಂದು ಕೇಳಿದ್ದೀಯ. ಕೂರುತ್ತೆ. ತೊಂದರೆ ಇರುವುದೇ ಅಲ್ಲಿ.

2016ರಲ್ಲಿ ಇದೇ ಬೆಳಗಾವಿಯಲ್ಲಿ, ಉದ್ಯಮಬಾಗದ ಗೆಳೆಯನ ಶೆಡ್ಡಿನಲ್ಲಿ, ನಾನೂ ಹೀಗೇ ಎಳೆದು ಕೂರಿಸಿದ್ದೆ. ನೋಡಲು ಚೆಂದ ಇತ್ತು. ಆಮೇಲೆ ಬಾಗಿಲು ತಂದು ಹಿಡಿದರೆ ಮೇಲೆ 4 ಮಿ.ಮೀ. ಸಂದು, ಕೆಳಗೆ 12. ಬಿಜಾಗರಿ ತಿರುಚಿದೆ, ಬಾಗಿಲಿನ ಅಂಚು ಉಜ್ಜಿದೆ, ಪುಟ್ಟಿ ತುಂಬಿದೆ, ಪೇಂಟೂ ಹೊಡೆಸಿದೆ. ಆರು ತಿಂಗಳು ಹೊಲದ ದಾರಿಯಲ್ಲಿ ಓಡಿಸಿದ್ದಷ್ಟೇ. ಬಾಗಿಲಿನ ಮೂಲೆಯಿಂದ ಜೇಡರ ಬಲೆ ಹಾಗೆ ಗೆಲ್‌ಕೋಟ್, ಅಂದರೆ ಫೈಬರ್ ಮೇಲಿನ ನುಣುಪು ಪದರ, ಬಿರಿಯಿತು. ಫೈಬರ್ ತಗಡಿನ ಹಾಗಲ್ಲ. ತಗಡು ಬಗ್ಗಿದರೆ ಬಗ್ಗಿದಲ್ಲೇ ನಿಲ್ಲುತ್ತೆ. ಫೈಬರ್ ತನ್ನ ಆಕಾರಕ್ಕೆ ವಾಪಸ್ ಹೋಗಲು ಸದಾ ಎಳೆಯುತ್ತಲೇ ಇರುತ್ತೆ.

ಅದಕ್ಕೇ ಮೊದಲು ಗಾಲಿ ಹಾಕು. ಎಂಜಿನ್, ಗೇರ್‌ಬಾಕ್ಸ್ ಕೂರಿಸು. ಸೀಟಿನ ಜಾಗದಲ್ಲಿ 50 ಕೆಜಿಯ ಎರಡು ಸಿಮೆಂಟ್ ಚೀಲ ಇಡು. ಭಾರ ಬಿದ್ದ ಮೇಲೆ ಪಾಟಾ (ಲೀಫ್ ಸ್ಪ್ರಿಂಗ್) ಎಷ್ಟು ಇಳಿಯುತ್ತೋ ಅದೇ ಗಾಡಿಯ ನಿಜವಾದ ಎತ್ತರ. ಗಾಲಿ ಕಮಾನಿನ ಮಧ್ಯಕ್ಕೆ ಬಂತೋ ಇಲ್ಲವೋ ಆಗಲೇ ಗೊತ್ತಾಗೋದು.

ಲೆವೆಲ್ ನೋಡಲು ಶೆಡ್ಡಿನ ನೆಲ ನಂಬಬೇಡ. ನಿಮ್ಮ ಕಡೆ ಎರೆ ನೆಲ. ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಬಿರಿಯುತ್ತೆ, ಮೇಲಿನ ಕಾಂಕ್ರೀಟೂ ಜೊತೆಗೇ ಹೋಗುತ್ತೆ. ಲೇಸರ್ ಲೆವೆಲ್ ಎಂದು ಸಾವಿರಾರು ರೂಪಾಯಿ ಸುರಿಯುವುದೂ ಬೇಡ. ಗೌಂಡಿಗಳ ಹತ್ತಿರ ಇರುತ್ತಲ್ಲ, ನೀರು ತುಂಬಿದ ಪಾರದರ್ಶಕ ಪೈಪು, ಅದು ಸಾಕು. ಒಳಗೆ ಗಾಳಿಗುಳ್ಳೆ ಮಾತ್ರ ಇರಬಾರದು. ಇದ್ದರೆ ಅಳತೆ ಪೂರಾ ಸುಳ್ಳು. ನಾನು ಒಂದು ದಿನ ಇದರಲ್ಲೇ ಕಳೆದಿದ್ದೇನೆ. ಬಾಡಿ ಕೂರುವ ಜಾಗಗಳನ್ನೆಲ್ಲ ಪೈಪಿನಿಂದ ನೋಡು. ತಗ್ಗಿರುವ ಕಡೆ ಟೈರಿನ ಕೆಳಗೆ ತಗಡಿನ ತುಂಡು ಕೊಡುತ್ತಾ ಹೋಗು. ನಾಲ್ಕೂ ಮೂಲೆ ಸಮ ಮಾಡಿದರೂ ನಡುವಿನ ಜಾಗ ಕೂಡದಿದ್ದರೆ ಚಾಸಿಯೇ ತಿರುಚಿದೆ.

ಆಮೇಲೆ ತೂಗುಗುಂಡು. ಎಡ ಬಲ ಎರಡೂ ಕಡೆ ಪಾಟಾದ ಅದೇ ಜಾಗದ ಬೋಲ್ಟಿನಿಂದ ಗುಂಡು ಬಿಟ್ಟು ನೆಲದ ಮೇಲೆ ಗುರುತು ಮಾಡು, ಮುಂದೆ ಎರಡು, ಹಿಂದೆ ಎರಡು. ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ ಅಳೆ. ಎರಡು ಅಳತೆಗೂ 3 ಮಿ.ಮೀ. ಒಳಗೆ ವ್ಯತ್ಯಾಸ ಇದ್ದರೆ ನಾನು ಬಿಟ್ಟುಬಿಡುತ್ತೇನೆ. ಜಾಸ್ತಿ ಇದ್ದರೆ ಬಾಡಿ ಇಳಿಸಿ ಮೊದಲು ಚಾಸಿ ನೆಟ್ಟಗೆ ಮಾಡಿಸು. ಸರಿ ಇದ್ದರೆ ಮಧ್ಯದಲ್ಲಿ ಸುಣ್ಣದ ದಾರ ಹೊಡೆ. ಬಾಡಿಯ ನಡುವನ್ನು ಆ ಗೆರೆಗೆ ಕೂಡಿಸು. ಬಾಡಿಯ ಅಂಚಿನಿಂದ ಮಾತ್ರ ಅಳೆಯಬೇಡ! ಆ ಅಂಚು ಯಾರೋ ಗ್ರೈಂಡರ್ ಹಿಡಿದು ಕೈಯಳತೆಯಲ್ಲಿ ಕತ್ತರಿಸಿದ್ದು. ನಾನು ಕೆಟ್ಟದ್ದೂ ಅಲ್ಲೇ. ಅಚ್ಚಿನಿಂದ ತೆಗೆದ ಬಾಡಿ ಎಡ ಬಲ ಒಂದೇ ಇರುವುದಿಲ್ಲ. 6 ಮಿ.ಮೀ. ತಪ್ಪಿದರೆ ಆ ಕಡೆ 3, ಈ ಕಡೆ 3 ಹಂಚು. ಕೊನೆಗೆ ಹತ್ತು ಹೆಜ್ಜೆ ಹಿಂದೆ ನಿಂತು ನೋಡು. ಗಾಲಿ ಕಮಾನಿನಲ್ಲಿ ಸರಿಯಾಗಿ ಕಂಡರೆ ಟೇಪು ಏನು ಹೇಳಿದರೂ ಪರವಾಗಿಲ್ಲ.

ಈಗ ಬಾಗಿಲು, ಬಾನೆಟ್, ಡಿಕ್ಕಿ, ಗಾಜಿನ ಫ್ರೇಮ್ ಎಲ್ಲ ಹಾಕು. ಅವುಗಳ ಸಂದು ಒಂದೇ ಸಮ ಬರುವವರೆಗೆ ಬಾಡಿಗೂ ಚಾಸಿಗೂ ನಡುವೆ ಪ್ಯಾಕಿಂಗ್ ತುಂಡು ಸೇರಿಸು, ತೆಗೆ. ಬಾಡಿಯ ಕೆಳಗಿನ ಸಂದು ತುಂಬಬೇಕು, ಬೋಲ್ಟಿನಿಂದ ಎಳೆಯಬಾರದು. ಸ್ಪಂಜಿನಂಥ ರಬ್ಬರ್ ಬೇಡ, ಕುಗ್ಗಿ ಹೋಗುತ್ತೆ. ಸಕ್ಕರೆ ಕಾರ್ಖಾನೆಯ ಹಳೆ ಕನ್ವೇಯರ್ ಬೆಲ್ಟ್ ಗುಜರಿಯಲ್ಲಿ ಸಿಗುತ್ತೆ. ಒಳಗೆ ಬಟ್ಟೆ ಪದರ ಇರುವುದರಿಂದ ಕುಗ್ಗಲ್ಲ. ನನ್ನದರಲ್ಲಿ ಈಗಲೂ ಅದೇ ಇದೆ.

ತೂತು ಕೊರೆಯುವಾಗ ಹ್ಯಾಮರ್ ಮೋಡ್ ಬೇಡ. ಟೇಪ್ ಅಂಟಿಸಿ, ಗೆಲ್‌ಕೋಟ್ ಕಡೆಯಿಂದ, ನಿಧಾನ. 8 ಮಿ.ಮೀ. ಬೋಲ್ಟಿಗೆ ಬಾಡಿಯಲ್ಲಿ 11ರ ತೂತು, ಕೆಳಗೂ ಮೇಲೂ ದೊಡ್ಡ ವಾಷರ್. ನೈಲಾಕ್ ನಟ್ ಹಾಕು, ಒಳಗೆ ನೈಲಾನ್ ಬಳೆ ಇರುವುದರಿಂದ ಸಡಿಲವಾಗಲ್ಲ. ಅದು ಸಿಗದಿದ್ದರೆ ಮರೆಗೆ ಹಾಕುವ ಅಂಟು ಲಾಕ್‌ಟೈಟ್ 243 ಹನಿಸಬಹುದು. ಸಿಕಾಫ್ಲೆಕ್ಸ್ ಎಂಬ ರಬ್ಬರಿನಂಥ ಅಂಟು ಒಳ್ಳೆಯ ಮಾಲೇ, ಆದರೆ ಅದರಿಂದ ಬಾಡಿ ಅಂಟಿಸಿದರೆ ಮುಂದೆ ಬಿಚ್ಚುವಾಗ ಅಳುತ್ತೀಯ. ಮಾಸ್ಕ್ ಹಾಕಿಕೋ, ತುಂಬು ತೋಳಿನ ಅಂಗಿಯೂ ಇರಲಿ. ಆ ಗಾಜಿನ ಪುಡಿಗೆ ನಾನು ಮೂರು ದಿನ ಕೆರೆದುಕೊಂಡಿದ್ದೇನೆ.

ಬಿಗಿಯುವ ಮುಂಚೆ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳಕ್ಕೆ ಕೈ ಹೋಗುತ್ತಾ ನೋಡು. ನನ್ನ ಕೈ ಹೋಗಲಿಲ್ಲ, ಆಮೇಲೆ ಬಾಡಿ ಕತ್ತರಿಸಿದೆ. ಸ್ಟೇರಿಂಗ್ ರಾಡ್ ಪೂರ್ತಿ ತಿರುಗಿಸಿಯೂ ನೋಡು.

ಇನ್ನೊಂದು, ಕೇಳದಿದ್ದರೂ ಹೇಳುತ್ತೇನೆ. ಇಂಗ್ಲೆಂಡಿನ ವಿಡಿಯೋ ನೋಡಿ ಗಾಡಿ ರಸ್ತೆಗೆ ಇಳಿಸುವ ಕನಸು ಕಾಣಬೇಡ. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ. ಕಂಪನಿಯ ಮೂಲ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸಬಾರದು ಎಂದು 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಹಳೆ ಜೀಪಿನ ಆರ್‌ಸಿ ಇದೆ ಎಂದು ಹಾಯಾಗಿರಬೇಡ. ನನ್ನದು ಇವತ್ತಿಗೂ ಹೊಲ ದಾಟಿಲ್ಲ.

ಸದ್ಯ ಆ ನಾಲ್ಕು ಬೋಲ್ಟ್ ಸಡಿಲ ಮಾಡು. ತೂತು ತಪ್ಪಿದ್ದರೆ ಗಾಬರಿ ಬೇಡ. ಒಳಗಿನಿಂದ ಸುತ್ತಲೂ ಇಳಿಜಾರಾಗಿ ಉಜ್ಜಿ, ಗಾಜಿನ ನಾರಿನ ಮ್ಯಾಟ್ ಮತ್ತು ರೆಸಿನ್ ತುಂಬಿ ಹೊಸದಾಗಿ ಕೊರೆ. ಬಾಗಿಲು ಹಾಕಿದ ಮೇಲೆ ಎರಡೂ ಕಡೆಯ ಫೋಟೋ ಹಾಕು, ಸ್ಕೇಲ್ ಹಿಡಿದು.